ಅಪ್ಪನ ಪಂಚೆ ಒಣಗದ ವಾರ

ನಮ್ಮ ಮನೆತನದಲ್ಲಿ ಡಿಗ್ರಿ ಅನ್ನುವುದು ಆಗುವ ಮಾತಲ್ಲ ಎಂದು ಮೊದಲು ಹೇಳಿದವರು ನಮ್ಮ ದೊಡ್ಡಪ್ಪ. "ನಮ್ಮ ಪೈಕಿಯವರ ತಲೆ ರುಮಾಲು ಸುತ್ತೋಕೆ ಸರಿ, ಅದರೊಳಗೆ ಏನೂ ಇಳಿಯೋಲ್ಲ" ಅಂದಿದ್ದರು. ಅವರ ತಲೆಯ ಮಟ್ಟಿಗೆ ಈ ಮಾತನ್ನು ನಾನು ಈಗಲೂ ಒಪ್ಪುತ್ತೇನೆ. ದಾವಣಗೆರೆಯಲ್ಲಿ ಸೈಕಲ್ ರಿಪೇರಿ ಮಾಡುತ್ತಿದ್ದ ಅಪ್ಪ ಮಾತ್ರ ಒಪ್ಪದೆ ನನ್ನನ್ನು ಓದಿಸಿದರು. ಓದು ಎಷ್ಟು ಉದ್ದವಾಯಿತೆಂದರೆ, ಸ್ವೀಡನ್ನಿನ ಕಾರ್ಲ್‌ಸ್ಟಾಡ್ ಎಂಬ ಸಣ್ಣ ಊರಿಗೆ ಬಂದು ಡಾಕ್ಟರೇಟಿನಲ್ಲಿ ನಿಂತಿತು. ಅದು ಮುಗಿಯುವ ಮೊದಲೇ ಅಪ್ಪ ಹೋದರು. ವಿಮಾನ ಹಿಡಿದು ನಾನು ಊರು ತಲುಪುವ ಹೊತ್ತಿಗೆ ಚಿಕ್ಕಪ್ಪ ಚಿತೆಗೆ ಕೊಳ್ಳಿ ಇಟ್ಟಾಗಿತ್ತು.

ಪದವಿ ಪ್ರದಾನಕ್ಕೆ ಇಲ್ಲಿ ಗಂಡಸರು ಹಿಂದೆ ಎರಡು ಸೀಳಾಗಿ ಇಳಿಬೀಳುವ ಬಾಲದ ಕೋಟು ಹಾಕಬೇಕು, ಇಲ್ಲವೇ ತಮ್ಮ ನಾಡಿನ ಉಡುಪು. ಇದನ್ನು ಫೋನಿನಲ್ಲಿ ಅಮ್ಮನಿಗೆ ಹೇಳಿದ್ದೆ. ನವೆಂಬರಿನಲ್ಲಿ ಸಮಾರಂಭಕ್ಕೆಂದು ಬಂದಿಳಿದವಳು ಪೆಟ್ಟಿಗೆಯಿಂದ ಮೊದಲು ತೆಗೆದದ್ದು ಅಪ್ಪನ ಜರಿಯಂಚಿನ ಪಂಚೆ. "ಅವರು ಹೋದಾಗಿಂದ ಟ್ರಂಕಿನಲ್ಲೇ ಇತ್ತು, ಒಂದ್ಸಲ ಒಗೆದುಬಿಡ್ತೀನಿ" ಅಂತ ಒಗೆದು ಬಾಲ್ಕನಿಯಲ್ಲಿ ಹರವಿದಳು.

ಸೋಮವಾರ ಪೂರ್ತಿ ಮಂಜು. ಮಂಗಳವಾರ ಊರಂಚಿನ ಸರೋವರದ ಕಡೆಯಿಂದ ಜಿಟಿಜಿಟಿ. ಬುಧವಾರ ಬೆಳಿಗ್ಗೆ ನೋಡಿದರೆ ಪಂಚೆ ಹೆಪ್ಪುಗಟ್ಟಿ ಹಪ್ಪಳದಂತೆ ಸೆಟೆದಿತ್ತು. ಒಳಗೆ ತಂದರೆ ಗೋಡೆಗೆ ಒರಗಿ ತಾನಾಗಿ ನಿಂತುಕೊಂಡಿತು. ನನಗೆ ನಗು. ಅಮ್ಮ ನಗಲಿಲ್ಲ, ಅದರ ಮುಂದೆ ಕೂತು ನೋಡುತ್ತಿದ್ದಳು. ಆಳೆತ್ತರದ ಪಂಚೆ ಕರಗಿ, ಮೆಲ್ಲಗೆ ನಡು ಬಗ್ಗಿ ಕುಸಿಯುವ ಹೊತ್ತಿಗೆ ನನ್ನ ನಗುವೂ ನಿಂತಿತ್ತು.

"ಈ ಊರಿಗೆ ಸೂರ್ಯ ಬರೋದೇ ಇಲ್ವೇನೋ?" ಅಂದಳು.

"ಬೇಸಿಗೇಲಿ ಬರ್ತಾನಮ್ಮ. ಬಂದ್ರೆ ಹೋಗೋದೇ ಇಲ್ಲ."

"ಬೇಕಾದಾಗ ಬರಲ್ಲ, ಬಂದ್ರೆ ಹೋಗಲ್ಲ. ನಿಮ್ಮ ದೊಡ್ಡಪ್ಪನ ಜಾತೀನೇ."

ಕೆಳಗೆ ಎಲ್ಲ ಮನೆಯವರಿಗೂ ಸೇರಿ ಬಟ್ಟೆ ಒಣಗಿಸುವ ಯಂತ್ರವಿದೆ ಎಂದೆ. "ಯಾರ್ಯಾರದೋ ಚಡ್ಡಿ ತಿರುಗಿದ ಡಬ್ಬದಾಗೆ ನಿಮ್ಮಪ್ಪನ ಪಂಚೇನಾ? ಒದ್ದೆ ಕಾಗದ ಒಣಗಿಸೋದನ್ನೇ ಇಷ್ಟು ವರ್ಷ ಓದಿದೆ ಅಂತೀಯ, ಒಂದು ಪಂಚೆ ಒಣಗಿಸು ನೋಡಾಣ. ಒದ್ದೆ ಉಟ್ಕೊಂಡು ಒಳ್ಳೆ ಕೆಲಸಕ್ಕೆ ಹೋಗಬಾರದು ಕಣಪ್ಪಾ" ಅಂದಳು. ನನ್ನ ಸಂಶೋಧನೆಯ ಬಗ್ಗೆ ಪರೀಕ್ಷಕರೂ ಇಷ್ಟು ಕಠಿಣವಾಗಿ ಮಾತಾಡಿರಲಿಲ್ಲ. ಗುರುವಾರ ಅಂತೂ ಕಿಟಕಿಯ ಕೆಳಗಿನ ಹೀಟರಿನ ಮೇಲೆ ಹರವಲು ಒಪ್ಪಿದಳು. ಒಣಗಿತು. ಇಸ್ತ್ರಿಯನ್ನೂ ಅವಳೇ ಮಾಡಿದಳು.

ಶುಕ್ರವಾರ ಬಸ್ಸಿಳಿದು ಸಭಾಂಗಣಕ್ಕೆ ನಡೆಯುವಷ್ಟರಲ್ಲಿ, ತಾನು ಮಳೆಯೋ ಹಿಮವೋ ಎಂದು ತನಗೇ ಗೊತ್ತಿಲ್ಲದ ಒಂದು ಸುರಿತ ಅಡ್ಡಡ್ಡ ಬಂದು ಬಡಿಯಿತು. ಕೊಡೆ ಮಗುಚಿಕೊಂಡಿತು. ಸೊಂಟದವರೆಗೆ ನನ್ನನ್ನು ಚಳಿಗೆ ಹಾಕಿದ್ದ ಕೋಟು ಕಾಪಾಡಿತು. ಅದರ ಕೆಳಗೆ ನಾಡಿನ ಉಡುಪು ತೊಯ್ದು ತೊಪ್ಪೆಯಾಗಿ ಕಾಲಿಗೆ ಅಂಟಿತು. ಬಾಲದ ಕೋಟುಗಳ ನಡುವೆ ನೀರು ತೊಟ್ಟಿಕ್ಕಿಸುತ್ತಾ ನಿಂತು, ಚಪ್ಪಾಳೆಯ ನಡುವೆ ಸರ್ಟಿಫಿಕೇಟ್ ಇಸಿದುಕೊಂಡೆ.

ಕೆಳಗಿಳಿದು ಅದನ್ನು ಅಮ್ಮನ ಕೈಗೆ ಕೊಟ್ಟು, "ಒದ್ದೆಯಾಗಿಬಿಡ್ತಮ್ಮ, ಬೇಜಾರು ಮಾಡ್ಕೋಬೇಡ" ಅಂದೆ.

ಅವಳು ಸರ್ಟಿಫಿಕೇಟನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡು, ಬಗ್ಗಿ, ನನ್ನ ಕಾಲಿಗಂಟಿದ ಜರಿಯಂಚನ್ನು ಬಿಡಿಸಿದಳು.

"ಇರಲಿ ಬಿಡು. ಅವತ್ತು ನಿಮ್ಮಪ್ಪನಿಗೆ ಕೊಳ್ಳಿ ಇಡೋಕೆ ಒದ್ದೆ ಪಂಚೇಲಿ ನಿಮ್ಮ ಚಿಕ್ಕಪ್ಪ ನಿಂತಿದ್ದ. ಇವತ್ತು ನೀನು ನಿಂತ್ಯಲ್ಲ."