ಮೀನು ಲಾರಿಯಲ್ಲಿ ಬಂದ ಹಾಸಿಗೆ

ಲಾರಿಗಳನ್ನು ಬೈಯುವುದರಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ. ಹೊನ್ನಾವರದ ಸೇತುವೆಯ ಮೇಲೆ ನನ್ನ ಸ್ಕೂಟರಿಗೆ ದಾರಿ ಬಿಡದೆ ಒಂದು ಲಾರಿ ನಿಧಾನ ಹೊರಟರೆ ಸಾಕು, ಅದರ ಡ್ರೈವರನ ಏಳು ತಲೆಮಾರನ್ನೂ ಹೆಲ್ಮೆಟ್ಟಿನೊಳಗೇ ವಿಚಾರಿಸಿಕೊಳ್ಳುತ್ತೇನೆ. ಬೆಳಿಗ್ಗೆ ತಿಂದ ಅವಲಕ್ಕಿ, ಅದಕ್ಕೆ ಹಾಕಿದ ಈರುಳ್ಳಿ, ಒಲೆ ಉರಿಸಿದ ಸಿಲಿಂಡರು, ಕೊನೆಗೆ ಆ ಹೆಲ್ಮೆಟ್ಟು ಕೂಡ ಲಾರಿಯಲ್ಲೇ ಬಂದದ್ದೆಂಬುದು ಆಗ ನೆನಪಾಗುವುದಿಲ್ಲ. ಉಂಡ ಮನೆಯ ಜಂತೆ ಎಣಿಸುವುದೆಂದರೆ ಇದೇ ಇರಬೇಕು.

ದೀಪಾವಳಿಯ ನಂತರ ನನಗೆ ಭಟ್ಕಳದ ಶಾಲೆಯಿಂದ ಕುಮಟೆಗೆ ವರ್ಗವಾಯಿತು. ಹದಿನೈದು ದಿನ ಅಲೆದರೂ ಬಾಡಿಗೆಮನೆ ಸಿಗಲಿಲ್ಲ. ಕೊನೆಗೆ ಸಿಕ್ಕ ಮನೆ ಚೆನ್ನಾಗಿತ್ತು, ಶಾಲೆಯೂ ಹತ್ತಿರ. ಮಾಲೀಕರಾದ ಭಟ್ಟರು ಪಕ್ಕದಲ್ಲೇ ಇರುತ್ತಾರೆ. ಅವರ ಷರತ್ತು ಒಂದೇ: ಮನೆಯೊಳಗೆ ಮೀನು ಬೇಯಬಾರದು. ನಾನು ಮಾವಿನಕುರ್ವೆಯಲ್ಲಿ ಹುಟ್ಟಿದವನು. ಮೀನಿಲ್ಲದ ಊಟವನ್ನು ನಮ್ಮ ಮನೆಯಲ್ಲಿ ಜ್ವರ ಬಂದವರಿಗೆ ಮಾತ್ರ ಬಡಿಸುತ್ತಿದ್ದರು. ಆದರೂ ಗತಿಯಿಲ್ಲದೆ ಆತು ಎಂದುಬಿಟ್ಟೆ. ಹೆಂಡತಿ ಸುಮಿತ್ರಾ ಮೂರು ದಿನ ನನ್ನೊಡನೆ ಮಾತು ಬಿಟ್ಟಳು.

ಸಾಮಾನು ಸಾಗಿಸಲು ಅವಳ ಅಣ್ಣ, ಮೀನು ಲಾರಿ ಓಡಿಸುವ ಗಣಪತಿ ನೆರವಿಗೆ ಬಂದ. ಲಾರಿಯವರಿಗೆ ಒಂದು ಧರ್ಮವಿದೆ, ಮರಳುವಾಗ ಖಾಲಿ ಹೋಗಬಾರದು. ಅವನು ಕಾರವಾರದಿಂದ ಭಟ್ಕಳಕ್ಕೆ ಮೀನು ತಂದಿಳಿಸಿ, ವಾಪಸ್ ಹೊರಟ ಲಾರಿಗೆ ನಮ್ಮ ಸಂಸಾರವನ್ನು ಹೇರಿದ. ಎರಡು ಸಲ ತೊಳೆದಿದ್ದೇನೆ ಎಂದ. ನಾನೂ ಮೂಸಿ ನೋಡಿದೆ, ಸುಮಿತ್ರಾಳೂ ಮೂಸಿದಳು. ಎಂತದೂ ಇರಲಿಲ್ಲ. ಹುಟ್ಟಿದಾಗಿನಿಂದ ಮೀನಿನ ನಡುವೆಯೇ ಬೆಳೆದ ಮೂಗುಗಳನ್ನು ಸಾಕ್ಷಿಗೆ ಕರೆಯಬಾರದೆಂದು ನಮಗೆ ಹೊಳೆಯಲೇ ಇಲ್ಲ.

ಕುಮಟೆಯಲ್ಲಿ ಹಾಸಿಗೆ ಅಂಗಳಕ್ಕೆ ಇಳಿದದ್ದೇ ತಡ, ಕೇರಿಯ ಬೆಕ್ಕುಗಳು ಬಂದು ಅದರ ಮೇಲೆ ಕುಳಿತವು. ಭಟ್ಟರು ಮೂಗಿಗೆ ಪಂಜೆ ಹಿಡಿದು ಹೊರಗೆ ಬಂದರು. ಸಿಕ್ಕ ಮನೆ ಹೋಯಿತೆಂದೇ ಅಂದುಕೊಂಡೆ. ಲಾರಿಯ ಕತೆಯನ್ನು ತಡವರಿಸುತ್ತ ಒಪ್ಪಿಸಿದೆ. ಅವರು ಲಾರಿಯ ಸುತ್ತ ಒಂದು ಸುತ್ತು ಬಂದು ಹಲಗೆ ಮೂಸಿದರು. ಮೂವತ್ತು ವರ್ಷ ಲಾರಿ ಬುಕಿಂಗ್ ಆಫೀಸಿನಲ್ಲಿ ಕೆಲಸ ಮಾಡಿದವರಂತೆ. ಅದು ನನಗೆ ಆಮೇಲೆ ಗೊತ್ತಾಯಿತು.

"ಲಾರಿದೇ ವಾಸ್ನೆ, ಹೌದು," ಎಂದರು. "ಹಾಸ್ಗೆಗೆ ಹಿಡದ್ರೆ ಒಂದು ತಿಂಗ್ಳು ಹೋಗೂದಿಲ್ಲ. ಅಲ್ಲೀವರೆಗೆ ನೀವು ಒಳಗೆ ಎಂತ ಬೇಯ್ಸಿದ್ರೂ ನಂಗೆ ಗೊತ್ತಾಗೂದಿಲ್ಲ ಮಾಸ್ತರೇ."

ನಗದೆ ಹೇಳಿ ಒಳಗೆ ಹೋದರು. ಅದು ಎಚ್ಚರಿಕೆಯೋ ಅನುಮತಿಯೋ ಎಂದು ನಾನು ಇನ್ನೂ ಯೋಚಿಸುತ್ತಿರುವಾಗಲೇ ಸುಮಿತ್ರಾ ಬಂಗುಡೆ ಹುರಿಯಲು ಬಾಣಲೆ ಹುಡುಕುತ್ತಿದ್ದಳು. ಆ ಒಂದು ತಿಂಗಳು ನಾವು ಸುಖವಾಗಿದ್ದೆವು. ಭಟ್ಟರ ಮೇಲೆ ನನಗೆ ಹುಟ್ಟಿದ ಪ್ರೀತಿ ಅಷ್ಟಿಷ್ಟಲ್ಲ. ಲಾರಿಗಳನ್ನು ಬೈಯುವುದನ್ನೂ ಬಿಟ್ಟೆ.

ಮೊನ್ನೆ ಅಂಗಳದಲ್ಲಿ ಬಿಸಿಲಿಗೆ ಹಾಕಿದ್ದ ಹಾಸಿಗೆಯ ಪಕ್ಕದಲ್ಲಿ ಹಾದುಹೋಗುತ್ತಿದ್ದ ಭಟ್ಟರು ನಿಂತು ಮೂಸಿ, ವಾಸನೆ ಪೂರ್ತಿ ಹೋಯಿತಲ್ಲ ಎಂದು ಸಂತೋಷಪಟ್ಟರು. ನಾನೂ ಸಂತೋಷಪಟ್ಟಂತೆ ಮುಖ ಮಾಡಿದೆ. ಸಂಜೆಯೇ ಗಣಪತಿಗೆ ಫೋನ್ ಮಾಡಿ, ಭಟ್ಕಳದಲ್ಲಿ ನಮ್ಮ ಇನ್ನೊಂದು ಹಾಸಿಗೆ ಉಳಿದುಹೋಗಿದೆ, ಖಾಲಿ ಲಾರಿಯಲ್ಲಿ ಬರುವಾಗ ತಂದುಕೊಡು ಎಂದೆ. ಯಾವ ಹಾಸಿಗೆಯೂ ಉಳಿದಿಲ್ಲ. ಈ ಭಾನುವಾರ ಭಟ್ಕಳಕ್ಕೆ ಹೋಗಿ, ಒಂದು ಕೊಂಡು ಇಟ್ಟುಬರಬೇಕು.