ದೊಡ್ಡಮ್ಮನ ಪರವಾಗಿ ನಾನು ಉತ್ತರ ಕೊಟ್ಟದ್ದು

ಮೂವತ್ತೆರಡು ವರ್ಷ ಬ್ಯಾಂಕಿನಲ್ಲಿದ್ದು, ಸಾಲ ಕೇಳಿದವರ ಮನೆ-ಅಂಗಡಿ ತಪಾಸಣೆ ಮಾಡಿ ನಿವೃತ್ತನಾದವನು ನಾನು. ನನ್ನ ಮನೆಗೇ ಯಾರೋ ತಪಾಸಣೆಗೆ ಬರುತ್ತಾರೆಂದರೆ ಹೆದರುತ್ತೇನೆಯೇ? ಛೇ! "ನೀವೆಲ್ಲ ಸುಮ್ಮನಿರಿ, ನಾನು ನೋಡಿಕೊಳ್ಳುತ್ತೇನೆ" ಎಂದುಬಿಟ್ಟೆ. ನಮ್ಮ ಮನೆಯ ಅನಾಹುತಗಳೆಲ್ಲ ಇದೇ ವಾಕ್ಯದಿಂದ ಶುರುವಾಗುವುದು.

ವಿಷಯ ಇಷ್ಟು. ನನ್ನ ಅಮ್ಮನ ಅಕ್ಕ, ಎಂಬತ್ತೊಂದರ ದೊಡ್ಡಮ್ಮ, ಚೆನ್ನೈನ ಎಗ್ಮೋರಿನಲ್ಲಿ ನಮ್ಮ ಜೊತೆಗಿದ್ದಾರೆ. ಮೂರನೇ ಮಹಡಿ, ಲಿಫ್ಟ್ ಇಲ್ಲ. ಬಚ್ಚಲಲ್ಲಿ ಎರಡು ಸಲ ಜಾರಿ ಬಿದ್ದು ಮೊಣಕಾಲು ಹೋದ ಮೇಲೆ ಎಂಟು ತಿಂಗಳಿಂದ ಕೆಳಗಿಳಿದಿಲ್ಲ. ಪ್ಯಾರೀಸ್ ಕಾರ್ನರಿನಲ್ಲಿ ದೊಡ್ಡಪ್ಪನ ಹೋಟೆಲಿದ್ದಾಗ ದಿನಕ್ಕೆ ನೂರು ಜನರ ಹತ್ತಿರ ಮಾತಾಡಿದ ಹೆಂಗಸು, ಈಗ ಕಿಟಕಿಗೆ ಬರುವ ಕಾಗೆಯ ಹತ್ತಿರ ಮಾತಾಡುತ್ತಾರೆ.

ಹೀಗಿರುವಾಗ ನನ್ನ ಹೆಂಡತಿ ವನಜಾ ಒಂದು ಸುದ್ದಿ ತಂದಳು. ವಯಸ್ಸಾದವರು, ನಡೆಯಲಾಗದವರು ಹಗಲು ಕಳೆಯಲು ಹತ್ತಿರದಲ್ಲೇ ಒಂದು ಕೇಂದ್ರವಿದೆಯಂತೆ. ವಾರಕ್ಕೆ ಮೂರು ದಿನ ವ್ಯಾನ್. ಇಬ್ಬರು ಬಂದು ಕುರ್ಚಿ ಸಮೇತ ಕೆಳಗಿಳಿಸಿ ಕರೆದುಕೊಂಡು ಹೋಗುತ್ತಾರೆ. ಖಾಲಿ ಇರುವುದು ಒಂದೇ ಜಾಗ. ನಿಜವಾಗಿ ಅಗತ್ಯ ಯಾರಿಗೆ ಎಂದು ನೋಡಲು ಸೆಲ್ವಿ ಎನ್ನುವ ಕಾರ್ಯಕರ್ತೆ ಮನೆಗೆ ಬರುತ್ತಾಳೆ.

"ಅಲ್ಲಿ ಕನ್ನಡದವರು ಯಾರಾದ್ರೂ ಇದ್ದಾರಂತಾ?" ದೊಡ್ಡಮ್ಮ ಆ ದಿನ ನಾಲ್ಕು ಸಲ ಕೇಳಿದರು.

ನಾನು ತಯಾರಿಗಿಳಿದೆ. ಸಾಲದ ಅಗತ್ಯವೇ ಇಲ್ಲದವನ ಹಾಗೆ ಕಾಣುವವನಿಗೇ ಬ್ಯಾಂಕು ಸಾಲ ಕೊಡುವುದು. ಇದು ನನ್ನ ಸರ್ವೀಸಿನ ಸಾರ! ಆದ್ದರಿಂದ ದೊಡ್ಡಮ್ಮನ ವಾಕರ್ ಅಟ್ಟ ಸೇರಿತು. ಔಷಧಿ ಬಾಟಲಿಗಳು ಅಕ್ಕಿ ಡಬ್ಬದ ಹಿಂದೆ ಅಡಗಿದವು. ದೊಡ್ಡಮ್ಮನಿಗೆ ರೇಷ್ಮೆ ಸೀರೆ, ಮುಡಿಗೆ ಮಲ್ಲಿಗೆ.

"ಎಂತ ಮಾರಾಯ್ರೆ ಇದು? ಅವಳು ಬರುದು ಹೆಣ್ಣು ನೋಡ್ಲಿಕ್ಕಾ?" ಎಂದಳು ವನಜಾ. "ಇದ್ದದ್ದು ಇದ್ದ ಹಾಗೆ ಹೇಳಿ ಸಾಕು."

"ನಿನಗೆ ತಪಾಸಣೆಯ ಮರ್ಮ ತಿಳಿಯದು" ಎಂದೆ, ಗಂಭೀರವಾಗಿ.

ಸೆಲ್ವಿ ಬಂದಳು. ಇಪ್ಪತ್ತೈದರ ಹುಡುಗಿ, ಕೈಯಲ್ಲಿ ಫಾರಂ. ಉಪ್ಪಿಟ್ಟು, ಅವಲಕ್ಕಿ, ಕಾಫಿ ಆಯಿತು. ಆಮೇಲೆ ದೊಡ್ಡಮ್ಮನ ಕಡೆ ತಿರುಗಿ, ಅಜ್ಜಿಯರನ್ನು ಕರೆಯುವ ಹಾಗೆ 'ಪಾಟ್ಟಿ' ಎಂದು ಕರೆದು ತಮಿಳಿನಲ್ಲಿ ಕೇಳಿದಳು, "ಪಾಟ್ಟಿ, ಸ್ನಾನಕ್ಕೆ ಯಾರಾದರೂ ಸಹಾಯ ಮಾಡಬೇಕೇ?"

"ಛೆ ಛೆ! ಎಲ್ಲ ಅವರೇ!" ಎಂದೆ ನಾನು.

"ಪಾಟ್ಟಿ, ಮೆಟ್ಟಿಲು?"

"ಜಿಂಕೆ!"

"ಅಡುಗೆ ಮನೆಯಲ್ಲಿ ನಿಲ್ಲುತ್ತೀರಾ ಪಾಟ್ಟಿ?"

"ಈಗಲೂ ನೂರು ಜನಕ್ಕೆ ಸಾಂಬಾರು ಮಾಡಿಯಾರು!"

ದೊಡ್ಡಮ್ಮ ಎರಡು ಸಲ ಬಾಯಿ ತೆರೆದರು. ಎರಡು ಸಲವೂ ನಾನು ಕಣ್ಸನ್ನೆ ಮಾಡಿದೆ. ವನಜಾ ಹಣೆ ಹಣೆ ಚಚ್ಚಿಕೊಂಡು ಒಳಗೆ ಹೋದಳು.

ಸೆಲ್ವಿ ಫಾರಂ ಮಡಚಿದಳು. "ತುಂಬ ಸಂತೋಷ ಸಾರ್. ಇವರಿಗೆ ನಮ್ಮ ಅಗತ್ಯ ಏನೂ ಇಲ್ಲ. ಪಕ್ಕದ ಬೀದಿಯಲ್ಲಿ ಇನ್ನೊಬ್ಬರಿದ್ದಾರೆ, ಜಾಗ ಅವರಿಗೆ ಕೊಡುತ್ತೇನೆ."

ದೊಡ್ಡಮ್ಮನ ಮುಖ ನೋಡಲಾಗಲಿಲ್ಲ.

"ಅಯ್ಯೋ, ನಿಲ್ಲಮ್ಮಾ! ಇವರ ಕೈಯಲ್ಲಿ ಏನೂ ಆಗುವುದಿಲ್ಲ! ಎರಡು ಸಲ ಬಿದ್ದಿದ್ದಾರೆ!"

"ಜಿಂಕೆ ಅಂದಿರಲ್ಲ ಸಾರ್?"

"ಜಿಂಕೆಯೂ ಬೀಳುತ್ತದಮ್ಮಾ! ಬೇಕಾದರೆ ವಾಕರ್ ತೋರಿಸುತ್ತೇನೆ, ಇರು!"

ಸ್ಟೂಲು ಹತ್ತಿದೆ. ಅಟ್ಟದಿಂದ ವಾಕರ್ ಎಳೆದೆ. ಅದು ಬರಲಿಲ್ಲ. ಜೋರಾಗಿ ಎಳೆದೆ. ಬಂತು! ಜೊತೆಗೆ ಹಳೆಯ ಹಾಸಿಗೆ, ಎರಡು ಬಕೆಟ್, ಕೊನೆಗೆ ನಾನು.

ನನ್ನನ್ನು ಹಿಡಿಯಲೆಂದು ದೊಡ್ಡಮ್ಮ ತಟ್ಟನೆ ಏಳಹೋದರು. ಅರ್ಧ ಎದ್ದರು, ಕಾಲು ನಡುಗಿತು, "ಅಮ್ಮಾ" ಎಂದು ಕುಸಿದರು. ಸೆಲ್ವಿ ಓಡಿಹೋಗಿ ತಬ್ಬಿ ಹಿಡಿದಳು. ಮೆಲ್ಲಗೆ ಕೂರಿಸಿ, ತಾನೂ ನೆಲದ ಮೇಲೆ ಕೂತು, "ಪಾಟ್ಟಿ, ನೀವು ಹೇಳಿ" ಎಂದಳು.

ನಾನು ಹಾಸಿಗೆಯಡಿಯಿಂದ ತಲೆ ಹೊರಹಾಕಿ, "ಅದು ಏನೆಂದರೆ..." ಎಂದೆ.

"ಮಾಣಿ, ಬಾಯಿ ಮುಚ್ಚು!" ಎಂದರು ದೊಡ್ಡಮ್ಮ. ಈ ಮಾಣಿಗೆ ಅರವತ್ತೊಂದು!

ಆಮೇಲೆ ಹೋಟೆಲಿನಲ್ಲಿ ಕಲಿತ ಚೊಕ್ಕ ತಮಿಳಿನಲ್ಲಿ ಅವರೇ ಹೇಳಿದರು. "ಬಚ್ಚಲಿಗೆ ಹೋಗುವಾಗೆಲ್ಲ ಹೆದರಿಕೆ ಮಗಾ. ನನ್ನನ್ನು ಎತ್ತಿ ಎತ್ತಿ ಪಾಪ ವನಜನ ಸೊಂಟ ಹೋಗಿದೆ. ಹೇಳಿದರೆ ಇವರೆಲ್ಲ ಬೇಜಾರು ಮಾಡಿಕೊಳ್ಳುತ್ತಾರೆ ಅಂತ ಸುಮ್ಮನಿದ್ದೆ. ನನಗೆ ಒಮ್ಮೆ ಕೆಳಗಿಳಿಯಬೇಕು. ನಾಲ್ಕು ಜನರ ಹತ್ತಿರ ಮಾತಾಡಬೇಕು."

ನನಗೆ ನಿಜಕ್ಕೂ ನಾಚಿಕೆಯಾಯಿತು. ಎಂಟು ತಿಂಗಳಲ್ಲಿ ಹೀಗೆ ಎದುರಿಗೆ ಕೂತು ಅವರನ್ನು ನಾನು ಒಂದು ಸಲವೂ ಕೇಳಿರಲಿಲ್ಲ.

ಸೆಲ್ವಿ ಹೊಸ ಫಾರಂ ತೆಗೆದಳು. ಅರ್ಧ ಗಂಟೆ ಇಬ್ಬರೂ ಗುಸುಗುಸು ಮಾತಾಡಿದರು, ನಕ್ಕರು. ಪಕ್ಕದ ಬೀದಿಯವರಿಗೆ ಆಗಲೇ ಮಗಳ ಮನೆಯಲ್ಲಿ ನೆರವಿದೆಯೆಂದು ಮರುದಿನ ತಿಳಿಯಿತಂತೆ. ಜಾಗ ದೊಡ್ಡಮ್ಮನಿಗೇ ಸಿಕ್ಕಿತು. ಸೋಮವಾರ ವ್ಯಾನ್ ಬಂದಾಗ ಮೂರು ಮಹಡಿಯನ್ನೂ ಅವರು ಮದುವಣಗಿತ್ತಿಯಂತೆ ಇಳಿದರು. ಪ್ರತಿ ಬಾಗಿಲಲ್ಲೂ ಕುರ್ಚಿ ನಿಲ್ಲಿಸಿ ಮಾತಾಡಿದ್ದರಿಂದ ವ್ಯಾನ್ ಅರ್ಧ ಗಂಟೆ ತಡ. ಕೇಂದ್ರದಲ್ಲಿ ಕನ್ನಡದವರು ಯಾರೂ ಇಲ್ಲ. ಆದರೇನು, ಇವರು ಆಗಲೇ ಇಬ್ಬರಿಗೆ ಕಲಿಸಲು ಶುರು ಮಾಡಿದ್ದಾರೆ.

ಅಂದ ಹಾಗೆ, ಆ ಹೊಸ ಫಾರಮ್ಮಿಗೆ ಮನೆಯವರ ಸಹಿ ಬೇಕಿತ್ತು. ಬ್ಯಾಂಕಿನ ಅಭ್ಯಾಸ, ಓದದೆ ನಾನು ಸಹಿ ಹಾಕುವವನಲ್ಲ. 'ಮನೆಯಲ್ಲಿರುವ ಅಡಚಣೆಗಳು' ಎಂಬ ಕಡೆ ದೊಡ್ಡಮ್ಮ ಮೂರು ಬರೆಸಿದ್ದರು: ಮೆಟ್ಟಿಲು, ಹಿಡಿಕೆಯಿಲ್ಲದ ಬಚ್ಚಲು, ತಂಗಿಯ ಮಗ.

ಮೆಟ್ಟಿಲಿಗೆ ಇಬ್ಬರು ಬರುತ್ತಾರೆ. ಬಚ್ಚಲಿಗೆ ಕೇಂದ್ರದವರೇ ಹಿಡಿಕೆ ಹಾಕಿ ಹೋದರು. ಮೂರನೆಯದಕ್ಕೆ ಅವರ ಹತ್ತಿರ ಯಾವ ವ್ಯವಸ್ಥೆಯೂ ಇಲ್ಲವಂತೆ!