ಹುಳದ ಬಟ್ಟಲಿಗೆ ಕೇಸರಿಬಾತ್

ಅಡುಗೆ ಮಾಡುವವರಲ್ಲಿ ಎರಡು ಪಂಗಡ. ಉಂಡವರು ಕೈ ತೊಳೆಯುತ್ತಾ "ಇದನ್ನ ಹೇಗೆ ಮಾಡಿದ್ರಿ?" ಎಂದು ಕೇಳುವುದು ಮೊದಲನೆಯ ಪಂಗಡದವರನ್ನು. ಬಾಯಿಗಿಟ್ಟ ಮೊದಲ ತುತ್ತಿಗೇ "ಇದಕ್ಕೆ ಏನು ಹಾಕಿದ್ದೀರಿ?" ಎಂದು ಕೇಳಿಸಿಕೊಳ್ಳುವವರು ಎರಡನೆಯವರು. ಮದುವೆಯಾಗಿ ಬಸವೇಶ್ವರನಗರದ ಈ ಮನೆಯ ಒಲೆ ಮುಂದೆ ನಿಂತಾಗಿನಿಂದ ನಾನು ಎರಡನೆಯ ಪಂಗಡದ ಕಾಯಂ ಸದಸ್ಯೆ. ನನ್ನ ಅಡುಗೆ ಕೆಟ್ಟದಾಗಿದೆ ಎಂದು ಯಾರೂ ಅಂದಿಲ್ಲ, ಆ ಒಂದು ಪ್ರಶ್ನೆಯ ಆಚೆಗೆ ಯಾರೂ ಅದನ್ನು ಗಮನಿಸಿಲ್ಲ. ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸ್ ಒಂದರಲ್ಲಿ ಸೂಪರ್‌ವೈಸರ್ ಆಗಿರುವ ನಮ್ಮ ಯಜಮಾನರಂತೂ ಫೋನು ನೋಡುತ್ತಾ ತಟ್ಟೆ ಖಾಲಿ ಮಾಡಿ, ಎದ್ದ ಮೇಲೆ "ಇವತ್ತೇನು ಸಾರು?" ಎಂದು ವಿಚಾರಿಸುತ್ತಾರೆ. ನನಗಿದ್ದದ್ದು ಒಂದೇ ಆಸೆ. ಸಾಯುವುದರೊಳಗೆ ಯಾರಾದರೂ ಒಬ್ಬರು ನನ್ನನ್ನು "ಹೇಗೆ ಮಾಡಿದ್ರಿ?" ಎಂದು ಕೇಳಬೇಕು. ಉತ್ತರವನ್ನೂ ತಯಾರು ಮಾಡಿ ಇಟ್ಟುಕೊಂಡಿದ್ದೆ. "ಅಯ್ಯೋ, ಅದರಲ್ಲೇನಿದೆ ಬಿಡಿ" ಎಂದು ಶುರುಮಾಡಿ, ಆಮೇಲೆ ಅರ್ಧ ಗಂಟೆ ಬಿಡಬಾರದು.

ಇಂಥ ನನ್ನ ಪಾಲಿಗೆ ಬಂದವು ಎರಡು ಶುಗರ್ ಗ್ಲೈಡರುಗಳು. ಜ್ಞಾನಭಾರತಿಯಲ್ಲಿ ಓದುವ ನನ್ನ ಮಗಳು ಸಿಂಚನ, ಊರು ಬಿಟ್ಟುಹೋಗುತ್ತಿದ್ದ ಗೆಳತಿಯೊಬ್ಬಳಿಂದ ಅವನ್ನು ಪಂಜರ ಸಮೇತ ಇಸಿದುಕೊಂಡು ಬಂದಳು. ನೋಡಲು ಅಳಿಲಿನ ಹಾಗೆ, ಆದರೆ ಮೂಗು ಗುಲಾಬಿ, ಕಣ್ಣು ಮಾತ್ರ ಮುಖಕ್ಕೆ ಹೆಚ್ಚಾಯಿತು ಅನ್ನುವಷ್ಟು ದೊಡ್ಡವು. ಮುಂಗಾಲಿಗೂ ಹಿಂಗಾಲಿಗೂ ನಡುವೆ ಒಂದು ಚರ್ಮದ ಪದರವಿದೆ. ಜಿಗಿಯುವಾಗ ಅದನ್ನು ಕರವಸ್ತ್ರದ ಹಾಗೆ ಬಿಚ್ಚಿ ತೇಲುತ್ತವೆ. ಹಗಲೆಲ್ಲ ಬಟ್ಟೆ ಚೀಲದಲ್ಲಿ ಸುತ್ತಿಕೊಂಡು ನಿದ್ದೆ, ದೇವರ ದೀಪ ಹಚ್ಚುವ ಹೊತ್ತಿಗೆ ಎದ್ದು ಊಟದ ಗಲಾಟೆ. ಗಂಡಿನ ಹೆಸರು ಮೋಕಾ, ಹೆಣ್ಣಿನ ಹೆಸರು ಲ್ಯಾಟೆ. ಕೆಂಗೇರಿ ಕಡೆಯ ಹಳ್ಳಿಯಲ್ಲಿ ಹೊಲ ಉತ್ತ ಮನೆತನದಲ್ಲಿ ಹುಟ್ಟಿದ ನಮ್ಮ ಅತ್ತೆಗೆ ಆ ಹೆಸರುಗಳು ಒಗ್ಗಲಿಲ್ಲ. ಅವರ ಬಾಯಲ್ಲಿ ಅವು ಮೋಕ್ಷ, ಲತಾ ಎಂದಾದವು.

ತಕರಾರು ಶುರುವಾದದ್ದು ಊಟದಿಂದ. ಹೆಸರಿನಲ್ಲಿ ಸಕ್ಕರೆ ಇದ್ದರೂ ಇವಕ್ಕೆ ಸಿಹಿ ಹೆಚ್ಚು ಕೊಡುವಂತಿಲ್ಲವಂತೆ. ಅರ್ಧದಷ್ಟು ಪ್ರೋಟೀನು, ಮಿಕ್ಕದ್ದರಲ್ಲಿ ತರಕಾರಿ, ಹಣ್ಣು ಬರೀ ರುಚಿಗೆ, ಮೇಲೆ ಚಿಟಿಕೆ ಕ್ಯಾಲ್ಸಿಯಂ. ಈರುಳ್ಳಿ ಬೆಳ್ಳುಳ್ಳಿ ಕೂಡದು, ಉಪ್ಪು ಕೂಡದು. ಎಲ್ಲ ಸೇರಿ ಒಂದು ದೊಡ್ಡ ಚಮಚದಷ್ಟು. ಬಡಿಸಿದ್ದನ್ನು ನೋಡಿ ಅತ್ತೆ ಬೆಚ್ಚಿದರು. ನಮ್ಮ ಮನೆಯಲ್ಲಿ "ಸಾಕು" ಅಂದರೆ "ಇನ್ನೊಂದು ಚೂರು ಹಾಕಿ" ಎಂದೇ ಅರ್ಥ. ಎಲೆ ಮೇಲೆ ಅಡ್ಡ ಮಲಗಿದವರಿಗೂ ಅತ್ತೆ ಸಂದಿಯಲ್ಲಿ ಸೌಟು ತೂರಿಸಿ ಬಡಿಸಿಬಿಡುತ್ತಾರೆ.

"ಇದೇನವ್ವ, ಊಟವೋ ತೀರ್ಥವೋ?" ಎಂದರು.

"ಅಜ್ಜಿ, ಅವುಗಳ ಹೊಟ್ಟೆ ಎಷ್ಟಿದೆ ನೋಡು" ಎಂದಳು ಸಿಂಚನ. "ಮೊಟ್ಟೆ ಇದೆ, ಹುಳ ಇದೆ, ಸಾಕಾಗತ್ತೆ."

ಹುಳ ಅಂದರೆ ಒಣಗಿಸಿದ ಹುಳ, ಡಬ್ಬಿಯಲ್ಲಿ ಬರುತ್ತದೆ. ಅತ್ತೆ ಡಬ್ಬಿಯನ್ನು ಬೆಳಕಿಗೆ ಹಿಡಿದು ನೋಡಿದರು. "ನನ್ ಆಯಸ್ಸೆಲ್ಲ ಅಕ್ಕೀಲಿ ಹುಳ ಆರ್ಸೋದ್ರಲ್ಲೇ ಹೋಯ್ತು. ನನ್ ಮೊಮ್ಮಗಳು ಕಾಸು ಕೊಟ್ಟು ಹುಳ ತರ್ಸ್ತಾಳೆ" ಎಂದು ನಿಟ್ಟುಸಿರುಬಿಟ್ಟರು. ಡಬ್ಬಿ ಕೆಳಗಿಟ್ಟು, "ಅಲ್ಲ, ಹುಳ ತಿಂತವೆ, ಬೆಳ್ಳುಳ್ಳಿ ಮುಟ್ಟಾಕಿಲ್ಲ. ಇದ್ಯಾವ ಸೀಮೆ ಮಡಿ?" ಎಂದು ಕೇಳಿದರು.

ಇಷ್ಟೇ ಆಗಿದ್ದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಲ್ಯಾಟೆ ಹಿಂಗಾಲು ಎಳೆಯಲು ಶುರುಮಾಡಿತು. ಕೊಂಬೆ ಹತ್ತಲು ಹೋಗಿ ಜಾರುವುದು, ಜಿಗಿಯಲು ಕೂತು ಜಿಗಿಯದೆ ಹಾಗೇ ಕೂತುಬಿಡುವುದು. ಪ್ರಾಣಿ ಡಾಕ್ಟರು ನೋಡಿ, ಕ್ಯಾಲ್ಸಿಯಂ ಕಡಿಮೆಯಾಗಿದೆ, ಊಟ ಈಗಲೇ ಸರಿಹೋಗದಿದ್ದರೆ ಹಿಂಗಾಲು ಎರಡೂ ಬಿದ್ದುಹೋಗಬಹುದು ಎಂದರು. ಹಳೇ ಮನೆಯಲ್ಲಿ ಬರೀ ಹಣ್ಣು, ಜೇನುತುಪ್ಪ ತಿಂದು ಬೆಳೆದ ಜೀವವಂತೆ. ಸಿಂಚನ ಆಟೋದಲ್ಲಿ ದಾರಿಯುದ್ದಕ್ಕೂ ಅತ್ತಳು. ಅದೇ ವಾರ ಅವಳು ಕಾಲೇಜಿನ ಪ್ರಾಜೆಕ್ಟಿಗೆಂದು ಎರಡು ವಾರ ಕಾರವಾರಕ್ಕೆ ಹೋಗಲೇಬೇಕಿತ್ತು. ಬಾಗಿಲಲ್ಲಿ ಬ್ಯಾಗು ಹಾಕಿಕೊಂಡು ನಿಂತು, "ಅಮ್ಮ, ಅಜ್ಜಿ ಮಾತು ಕೇಳಿ ಏನೂ ಕೊಡ್ಬೇಡ. ನಾನು ಬರೋಷ್ಟರಲ್ಲಿ ಅದು ಜಿಗೀಬೇಕು" ಎಂದಳು. ಹಾರುವ ಪ್ರಾಣಿಗೆ ಹಾರಲಾಗದಿದ್ದರೆ ಅದು ಎಂಥ ಬಾಳು ಎಂದು ನನಗೂ ಅನ್ನಿಸಿತು. ಆಯಿತು ಎಂದೆ.

ಮೊದಲ ಸಂಜೆಯೇ ನನ್ನ ಅಡುಗೆಯ ಬಗ್ಗೆ ಅವುಗಳ ಅಭಿಪ್ರಾಯ ಗೊತ್ತಾಯಿತು. ಪರಂಗಿ ಹಣ್ಣಿನ ಚೂರನ್ನು ಆರಿಸಿಕೊಂಡು, ಮೊಟ್ಟೆಯನ್ನು ಗೋಡೆಗೆಸೆದು, ಕ್ಯಾರೆಟ್ಟನ್ನು ನನ್ನ ಮೇಲೇ ಉಗಿದವು. ಉಪ್ಪಿಟ್ಟಿನಲ್ಲಿ ಗೋಡಂಬಿ ಹುಡುಕಿ ಮಿಕ್ಕದ್ದನ್ನು ತಟ್ಟೆಯ ಅಂಚಿಗೆ ತಳ್ಳುವ ನಮ್ಮ ಯಜಮಾನರು ನೆನಪಾದರು. ಅವರನ್ನು ತಿದ್ದಲು ನನಗೆ ಆಗಿಲ್ಲ, ಆದರೆ ಇವನ್ನು ಬಿಡುವುದಿಲ್ಲ ಎಂದು ಸೆರಗು ಸಿಕ್ಕಿಸಿದೆ. ಸಿಂಚನ ಚಿಕ್ಕವಳಿದ್ದಾಗ ಅವಳಿಗೆ ಸೊಪ್ಪು ತಿನ್ನಿಸಿದ ಉಪಾಯವೇ ಇದಕ್ಕೂ ಸರಿ ಅನ್ನಿಸಿತು. ಆರಿಸಲು ಏನೂ ಉಳಿಯಬಾರದು. ಡಾಕ್ಟರನ್ನು ಕೇಳಿಕೊಂಡು, ಬೇಯಿಸಿದ ಮೊಟ್ಟೆಯನ್ನು ಸಿಪ್ಪೆ ಸಮೇತ ಮಿಕ್ಸಿಗೆ ಹಾಕಿದೆ. ಸಿಪ್ಪೆಯಲ್ಲೇ ಕ್ಯಾಲ್ಸಿಯಂ ಇರುವುದಂತೆ. ಜೊತೆಗೆ ಬೆಂದ ಕ್ಯಾರೆಟ್ಟು, ಪರಂಗಿ, ಒಂದು ತೊಟ್ಟು ಜೇನು. ತಿರುವಿದರೆ ಕೇಸರಿ ಬಣ್ಣದ ಒಂದು ಮುದ್ದೆಯಾಯಿತು. ಮೋಕಾ ಮೂಗು ತಿರುಗಿಸಿತು, ಲ್ಯಾಟೆ ಬೆನ್ನು ತಿರುಗಿಸಿತು. ಕೊನೆಗೆ ಹಸಿವು ಗೆದ್ದಿತು. ಅಂತೂ ನನ್ನ ಅಡುಗೆಯನ್ನು ತಿಂದವರು ಯಾರೂ ಅದನ್ನು ಮೆಚ್ಚಿ ತಿಂದಂತಾಗಲಿಲ್ಲ.

ಇಷ್ಟರಲ್ಲಿ ಒಣಹುಳದ ಡಬ್ಬಿ ಖಾಲಿಯಾಯಿತು. ಅಂಗಡಿಯವನು ಸ್ಟಾಕಿಲ್ಲ ಎಂದ. ಈ ಮಾತು ಅತ್ತೆಯ ಕಿವಿಗೆ ಬಿದ್ದದ್ದು ಅವರು ಅವರೆಕಾಯಿ ಸುಲಿಯುತ್ತಾ ಕೂತಿದ್ದಾಗ. ಸೊಗಡು ಏರಿದ ಅವರೆಯ ಕಾಲದಲ್ಲಿ ನಮ್ಮ ಬೀದಿಯ ಹೆಂಗಸರೆಲ್ಲ ಮಧ್ಯಾಹ್ನ ಒಂದೊಂದು ಮೊರ ಹಿಡಿದು ಬಾಗಿಲಲ್ಲಿ ಕೂರುತ್ತಾರೆ. ಅವರೆಕಾಯಿ ಅಂದ ಮೇಲೆ ಒಳಗೆ ಹಸಿರು ಹುಳ ಇದ್ದೇ ಇರುತ್ತದೆ. ಅತ್ತೆ ಒಂದು ಕಾಯಿ ಬಿಡಿಸಿದರು, ಹುಳವನ್ನು ನೋಡಿದರು, ನನ್ನನ್ನು ನೋಡಿದರು. "ಮನೇಲೇ ಮಡೀಕಂಡು ಊರೆಲ್ಲ ಹುಡುಕ್ತೀಯಲ್ಲ" ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಎದುರುಸಾಲಿಗೆ ಕೂಗಿ ಹೇಳಿಯೂ ಆಗಿತ್ತು: ನಮ್ಮ ಲತಾಗೆ ಕಾಲಿಗೆ ಶಕ್ತಿಯಿಲ್ಲ, ಹುಳ ಸಿಕ್ಕರೆ ಬಿಸಾಡಬೇಡಿ.

ಬಸವೇಶ್ವರನಗರದ ಜನ ಕಷ್ಟಕ್ಕೆ ಆಗುವವರು. ಸಂಜೆಯೊಳಗೆ ಸ್ಟೀಲಿನ ಬಟ್ಟಲುಗಳು ಬಂದವು, ತಟ್ಟೆ ಮುಚ್ಚಿಕೊಂಡು, ಒಳಗೆ ಹುಳ ಹರಿದಾಡಿಕೊಂಡು. ಮೊದಲ ಬಟ್ಟಲು ತಂದವರು ಎದುರುಮನೆಯ ಜಯಮ್ಮನವರು. ಮಂಡಿ ನೋವು, ಮೆಟ್ಟಿಲು ಹತ್ತಲಾರದೆ ಗೇಟಿನಲ್ಲೇ ನಿಂತು ಕೊಟ್ಟರು. "ಎಲ್ಲ ದಪ್ಪ ದಪ್ಪ ಇರೋದೇ ಆರಿಸಿದೀನಿ ಸುಮಾ" ಎಂದರು.

ಡಾಕ್ಟರಿಗೆ ಫೋನು ಮಾಡಿದೆ. "ಬೇಡ ಮೇಡಂ, ಹೊಲದ ಹುಳ ಅಂದ್ರೆ ಔಷಧಿ ಹೊಡೆದಿರ್ತಾರೆ. ಒಂದೂ ಕೊಡಬೇಡಿ. ನಿಮ್ಮ ಮೊಟ್ಟೆ ಮುದ್ದೆನೇ ಸಾಕು" ಎಂದರು. ಅಲ್ಲಿಗೆ ಹುಳದ ಉಪಯೋಗ ಮುಗಿಯಿತು, ಬಟ್ಟಲಿನ ತಾಪತ್ರಯ ಉಳಿಯಿತು. ಏಕೆಂದರೆ ಬೇರೆ ಮನೆಯ ಬಟ್ಟಲನ್ನು ಖಾಲಿ ಹಿಂದಿರುಗಿಸಬಾರದು. ಅದರಲ್ಲಿ ಬಂದದ್ದು ಹೋಳಿಗೆಯೋ ಹುಳವೋ ಎಂಬುದನ್ನು ಶಾಸ್ತ್ರ ಕೇಳುವುದಿಲ್ಲ. ಅತ್ತೆಯನ್ನು ಕೇಳಿಯೂ ನೋಡಿದೆ.

"ಹುಳಕ್ಕೂ ಬದಲಿಗೆ ಕೊಡಬೇಕಾ ಅತ್ತೆ?"

"ಕೊಟ್ಟೋರ ಮನಸು ನೋಡವ್ವ, ಹುಳ ನೋಡಬ್ಯಾಡ" ಎಂದರು.

ಹುಳಗಳನ್ನು ಬೀದಿಯ ಕೊನೆಯ ಹೊಂಗೆಮರದ ಬುಡಕ್ಕೆ ಸುರಿದು, ಬಟ್ಟಲು ಉಜ್ಜಿ ತೊಳೆದು, ಒಬ್ಬರಿಗೆ ಕೋಡುಬಳೆ, ಒಬ್ಬರಿಗೆ ಪಾಯಸ, ಜಯಮ್ಮನವರಿಗೆ ರವೆ ಉಂಡೆ ಹಾಕಿ ಕಳಿಸಿದೆ. ತಿಂಡಿ ಬಂದದ್ದನ್ನು ನೋಡಿ ಅವರು ಏನೆಂದುಕೊಂಡರು ಹೇಳಿ? ಹುಳ ತುಂಬಾ ಉಪಯೋಗವಾಯಿತು ಎಂದುಕೊಂಡರು. ಮರುದಿನ ಇನ್ನಷ್ಟು ಬಟ್ಟಲು, ಇನ್ನಷ್ಟು ಹುಳ. ಪಕ್ಕದ ರಸ್ತೆಯಿಂದಲೂ ಬಂತು. ಒಬ್ಬರು ರಾಜಾಜಿನಗರದ ತಂಗಿ ಮನೆಯಿಂದ ಬಸ್ಸಿನಲ್ಲಿ ಹಿಡಿದು ತಂದರು. ಬೇಡ ಅನ್ನೋಣವೆಂದರೆ, "ಲತಾ ಹೇಗಿದಾಳೆ, ಓಡಾಡ್ತಾಳಾ?" ಎಂದು ಕಕ್ಕುಲತೆಯಿಂದ ಕೇಳುವವರ ಮುಖಕ್ಕೆ ಹೇಗೆ ಹೇಳುವುದು? ನಾನು ಬೆಳಿಗ್ಗೆ ಹುಳ ಚೆಲ್ಲಿದೆ, ಮಧ್ಯಾಹ್ನ ತಿಂಡಿ ಕರಿದೆ. ಹೊಂಗೆಮರದ ಮೈನಾಗಳು ಮೈ ತುಂಬಿಕೊಂಡವು. ಇಡೀ ಬಡಾವಣೆಯಲ್ಲಿ ಸಮತೋಲನದ ಆಹಾರ ಅಂತ ಸಿಕ್ಕಿದ್ದು ಅವಕ್ಕೇ. ಲ್ಯಾಟೆ ಮುದ್ದೆಯನ್ನೇನೋ ತಿನ್ನುತ್ತಿತ್ತು, ಆದರೆ ಜಿಗಿಯುತ್ತಿರಲಿಲ್ಲ. ಪ್ರತಿ ಸಂಜೆ ಪಂಜರದ ಬಾಗಿಲು ತೆರೆದು ಕಾಯುತ್ತಿದ್ದೆ. ಅದು ಅಂಚಿಗೆ ಬಂದು, ಕೆಳಗೆ ನೋಡಿ, ಹಿಂದಕ್ಕೆ ಸರಿಯುತ್ತಿತ್ತು. ನಾನು ಒಬ್ಬಳೇ ಕಣ್ಣೊರೆಸಿಕೊಂಡಿದ್ದೂ ಉಂಟು.

ಸಿಂಚನ ವಾಪಸು ಬರುವ ಹಿಂದಿನ ದಿನ. ಜಯಮ್ಮನವರ ಬಟ್ಟಲಿಗೆಂದು ಕೇಸರಿಬಾತ್ ಮಾಡಿದ್ದೆ. ಪಕ್ಕದಲ್ಲೇ ಒಂದು ವಾರಕ್ಕಾಗುವಷ್ಟು ಗ್ಲೈಡರ್ ಮುದ್ದೆ. ಎರಡೂ ಒಂದೇ ಬಣ್ಣ, ಎರಡೂ ಸ್ಟೀಲ್ ಬಟ್ಟಲು, ಎರಡಕ್ಕೂ ಮುಚ್ಚಳ. "ಅತ್ತೆ, ಕಟ್ಟೆ ಮೇಲಿನ ಬಟ್ಟಲು ಜಯಮ್ಮನವರಿಗೆ ಕೊಟ್ಟುಬಿಡಿ" ಎಂದು ಹೇಳಿ ದೀಪ ಹಚ್ಚಲು ಹೋದೆ. ಬಂದು ನೋಡಿದಾಗ ಉಳಿದಿದ್ದ ಬಟ್ಟಲನ್ನು ರೂಮಿಗೆ ಒಯ್ದು, ಒಂದು ಚಮಚ ತೆಗೆದು ಪಂಜರದೊಳಗಿಟ್ಟೆ. ಅವಕ್ಕೆ ಬೆಳಕು ಆಗದೆಂದು ಆ ರೂಮಿನಲ್ಲಿ ಸಣ್ಣ ಬಲ್ಬು ಮಾತ್ರ.

ಸ್ವಲ್ಪ ಹೊತ್ತಿಗೆ ನೋಡುತ್ತೇನೆ, ಲ್ಯಾಟೆ ಎರಡು ಕೈಯಲ್ಲಿ ಏನನ್ನೋ ಹಿಡಿದು ಭಕ್ತಿಯಿಂದ ಕಚ್ಚುತ್ತಿದೆ. ಬಗ್ಗಿ ನೋಡಿದೆ. ತುಪ್ಪದಲ್ಲಿ ಹುರಿದ ದ್ರಾಕ್ಷಿ. ಎರಡು ವಾರದ ಪಥ್ಯ ಸಕ್ಕರೆಗೆ ಬಲಿಯಾಯಿತಲ್ಲ ಎಂದು ಕೈ ಹಾಕಿ ಕಿತ್ತುಕೊಳ್ಳಲು ಹೋದೆ. ಲ್ಯಾಟೆ ದ್ರಾಕ್ಷಿಯನ್ನು ಬಾಯಲ್ಲಿ ಕಚ್ಚಿಕೊಂಡು, ಹಿಂಗಾಲು ಊರಿ, ಒಮ್ಮೆ ಜಿಗಿಯಿತು. ಪಂಜರದಿಂದ ಪರದೆಗೆ, ಪರದೆಯಿಂದ ಮೈ ಬಿಚ್ಚಿ ತೇಲಿ, ಆಗತಾನೇ ಒಳಗೆ ಬಂದ ಅತ್ತೆಯ ತುರುಬಿನ ಮೇಲೆ. ಅಷ್ಟು ದಿನ ಹಾರಲು ಒಲ್ಲೆನೆಂದವಳು ಕದ್ದ ಮಾಲು ಉಳಿಸಿಕೊಳ್ಳಲು ಹಾರಿದಳು.

ಅತ್ತೆ ಕದಲಲಿಲ್ಲ. "ಲತಾ ಹಾರುದ್ಲು ಕಣೆ ಸುಮಾ" ಎಂದರು, ಕಣ್ಣು ತುಂಬಿಕೊಂಡು. ನನಗೂ ಅಳು ಬಂತು. ಅಳುತ್ತಾ ಅಳುತ್ತಾ ಒಂದು ವಿಷಯ ಹೊಳೆಯಿತು. ಕೇಸರಿಬಾತ್ ಇಲ್ಲಿದ್ದರೆ, ಜಯಮ್ಮನವರ ಮನೆಗೆ ಹೋದದ್ದು ಏನು?

ಆ ರಾತ್ರಿ ನನ್ನ ಪ್ರಾರ್ಥನೆ ಇಷ್ಟೇ: ದೇವರೇ, ಅವರು ಅದನ್ನು ಚೆಲ್ಲಿರಲಿ. ಅವರ ಮನೆಯಲ್ಲಿ ಮೊಟ್ಟೆ ನಡೆಯುತ್ತದೆ, ಅವತ್ತು ಬುಧವಾರ, ಮೊಟ್ಟೆ ಮುಟ್ಟದ ಸೋಮವಾರವಲ್ಲ, ಅಷ್ಟೇ ಸಮಾಧಾನ.

ಬೆಳಿಗ್ಗೆ ಗೇಟು ಸದ್ದಾಯಿತು. ಜಯಮ್ಮನವರು ಗೇಟಿನಲ್ಲಿ ನಿಲ್ಲಲಿಲ್ಲ. ಮೆಟ್ಟಿಲು ಹತ್ತಿ ಮೇಲೇ ಬಂದರು. ನಾನು ಜಗಳಕ್ಕೆ ಸಿದ್ಧಳಾಗಿ ನಿಂತೆ.

"ಸುಮಾ, ನಿನ್ನೆ ಆ ಸ್ವೀಟ್ ಕಳಿಸಿದ್ರಲ್ಲ" ಎಂದರು. "ಸಕ್ಕರೆ ಕಮ್ಮಿ, ತುಪ್ಪ ಇಲ್ಲ, ಹಿತವಾಗಿ, ಬಾಯಿಗೆ ಒಂಥರಾ ತರಿತರಿಯಾಗಿ. ಗಸಗಸೆ ಹಾಕಿದ್ರಾ? ನಮ್ಮನೇವ್ರು ಬಟ್ಟಲು ಬಳಿದು ತಿಂದ್ರು. ನನಗಂತೂ ಇವತ್ತು ಮಂಡಿನೇ ಹಗುರ ಅನ್ನಿಸ್ತಿದೆ. ಅದನ್ನ ಹೇಗೆ ಮಾಡಿದ್ರಿ?"

ಇಷ್ಟು ವರ್ಷ ಕಾದ ಮಾತು, ನನ್ನ ಮನೆ ಬಾಗಿಲಲ್ಲೇ, ನನ್ನ ಕಿವಿಯಾರೆ. ಹಿಂದೆ ಅತ್ತೆ ಇದ್ದರು, ಯಜಮಾನರು ಫೋನಿನಿಂದ ತಲೆಯೆತ್ತಿದ್ದರು. ಸಾಕ್ಷಿಗಳಿಗೂ ಕೊರತೆಯಿರಲಿಲ್ಲ. "ಅಯ್ಯೋ, ಅದರಲ್ಲೇನಿದೆ ಬಿಡಿ" ಎಂಬಲ್ಲಿಯವರೆಗೆ ಸಲೀಸಾಗಿ ಬಂತು. ಮುಂದಿನ ಅರ್ಧ ಗಂಟೆಯನ್ನು ಎಲ್ಲಿಂದ ತರುವುದು? ಮೊಟ್ಟೆ ಸಿಪ್ಪೆಯಿಂದ ಶುರುಮಾಡಲೇ, ಲ್ಯಾಟೆಯಿಂದಲೇ?

"ಎಲ್ಲ ಕೈಗುಣ" ಎಂದುಬಿಟ್ಟೆ.

"ಹಾಗಿದ್ರೆ ಸಂಕ್ರಾಂತಿಗೆ ಇನ್ನೊಂದು ಸಲ ಕಳಿಸ್ಬೇಕು" ಎಂದು ಹೇಳಿ ಅವರು ಇಳಿದುಹೋದರು.

ಸಿಂಚನ ಬಂದು ಲ್ಯಾಟೆಯ ಹಾರಾಟ ನೋಡಿ ನನ್ನನ್ನು ಅಪ್ಪಿಕೊಂಡಳು. ಸಂಕ್ರಾಂತಿ ದಿನ ನಾನು ಆತ್ಮಸಾಕ್ಷಿಗೆ ಹೆದರಿ, ಅಪ್ಪಟ ಕೇಸರಿಬಾತನ್ನೇ ಮಾಡಿದೆ. ಒಳ್ಳೆ ತುಪ್ಪ, ದ್ರಾಕ್ಷಿ, ಗೋಡಂಬಿ, ನಿಜವಾದ ಕೇಸರಿಯ ಎಸಳು ಹಾಕಿ, ನಾನೇ ಒಯ್ದು ಕೊಟ್ಟೆ. ಎಳ್ಳು-ಬೆಲ್ಲಕ್ಕೆ ಬಂದ ಬೀದಿಯ ಹೆಂಗಸರೆಲ್ಲ ಅಲ್ಲೇ ಕೂತಿದ್ದರು. ಸುಮಾ ಕೈಗುಣ ನೋಡಿ ಎಂದು ಎಲ್ಲರಿಗೂ ಹೇಳುತ್ತಾ ಜಯಮ್ಮನವರು ಒಂದು ಚಮಚ ಬಾಯಿಗಿಟ್ಟುಕೊಂಡರು. ಅಗಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು.

"ಸುಮಾ," ಎಂದರು, "ಇದಕ್ಕೆ ಏನು ಹಾಕಿದ್ದೀರಿ?"